ಉಸಿರೂ ಉಸುರದ ಮಾತೂ

ಕನ್ನಡದಲ್ಲಿ ಉಸಿರು ಎಂದರೆ ಶ್ವಾಸ, ಉಸುರು ಎಂದರೆ ಹೇಳು. ಗುಟ್ಟಿನ ಮಾತನ್ನು ಕಿವಿಯಲ್ಲಿ ಹಾಕಿದವರು "ಯಾರ ಮುಂದೆಯೂ ಉಸಿರೆತ್ತಬೇಡ" ಎಂದು ಎಚ್ಚರಿಸುತ್ತಾರೆ. ಶ್ವಾಸಕ್ಕೂ ಮಾತಿಗೂ ಇರುವ ಈ ನಂಟನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು. ನಮಗೆ ಮಾತ್ರ ಅದು ಮನದಟ್ಟಾದದ್ದು 2019ರಲ್ಲಿ, ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯ ತೀವ್ರನಿಗಾ ವಿಭಾಗದ ಹೊರಗೆ, ಬೆಂಚಿನ ಮೇಲೆ ಕುಳಿತಿದ್ದಾಗ.

ರೋಗಿಯಿಂದ ರೋಗದ ಹೆಸರನ್ನು ಮುಚ್ಚಿಡುವುದು ಧರ್ಮವೇ, ಅಧರ್ಮವೇ? ಪ್ರಶ್ನೆ ಹಳೆಯದು. ಅದರ ಬಗ್ಗೆ ದೊಡ್ಡವರು ದೊಡ್ಡ ಮಾತುಗಳನ್ನು ಆಡಿದ್ದಾರೆ. ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಬಿ.ಎಸ್‌ಸಿ.ಗೆ ಪ್ರಾಣಿಶಾಸ್ತ್ರ ಓದುವಾಗ ಕಪ್ಪೆಯನ್ನು ಕೊಯ್ದು ಅದರ ಶ್ವಾಸಕೋಶವನ್ನು ನೋಡಿದವರು, ಆಮೇಲೆ ಇಪ್ಪತ್ತು ವರ್ಷ ಕಡತಗಳನ್ನು ನೋಡುತ್ತ ಬಂದವರು. ತತ್ತ್ವಶಾಸ್ತ್ರದ ಅಧಿಕಾರ ನಮಗಿಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಮೂರು ತಿಂಗಳು ಕುಳಿತಿತ್ತಾದ್ದರಿಂದ, ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಅಕ್ಕನನ್ನು ಕೊಟ್ಟದ್ದು ಇಂಡಿ ತಾಲ್ಲೂಕಿನ ಒಂದು ಹಳ್ಳಿಗೆ. ಭಾವನವರದು ನಿಂಬೆಯ ತೋಟ. ಅರವತ್ತು ದಾಟಿದ್ದರೂ ಗಟ್ಟಿ ಆಳು. 2018ರ ದೀಪಾವಳಿಯ ಹೊತ್ತಿಗೆ ಅವರಿಗೆ ರೊಟ್ಟಿ ನುಂಗುವುದು ಕಷ್ಟವಾಗತೊಡಗಿತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದರು, ಆಮೇಲೆ ಅಂಬಲಿಗೆ ಇಳಿದರು. ವಿಜಯಪುರದಲ್ಲಿ ದುರ್ಬೀನು ಹಾಕಿ ನೋಡಿದ ವೈದ್ಯರು ಮುಂಬಯಿಗೆ ಹೋಗಿರೆಂದು ಚೀಟಿ ಬರೆದುಕೊಟ್ಟರು. ಸೊಲ್ಲಾಪುರಕ್ಕೆ ಬಂದು ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದು, ಮಗನ ಜೊತೆ ಬೆಳಗಿನ ಜಾವ ದಾದರಿನಲ್ಲಿ ಇಳಿದರು. ಅಲ್ಲಿಂದ ಆಂಟಾಪ್ ಹಿಲ್ಲಿನ ನಮ್ಮ ಸರ್ಕಾರಿ ವಸತಿಗೃಹ ದೂರವಲ್ಲ.

ಅನ್ನನಾಳದ ಕ್ಯಾನ್ಸರ್ ಎಂದು ನಿಶ್ಚಯವಾದ ದಿನ ರಾತ್ರಿ, ಭಾವನವರು ಮಲಗಿದ ಮೇಲೆ, ಅಡಿಗೆಮನೆಯಲ್ಲಿ ಸಭೆ ಸೇರಿತು. ಊರಿನಿಂದ ಅಕ್ಕ ಫೋನಿನಲ್ಲಿ ಅಳುತ್ತ ಒಂದೇ ಮಾತು ಹೇಳಿದಳು: "ಅವರ ಮುಂದ ಯಾರೂ ಉಸಿರ ಎತ್ತಬ್ಯಾಡ್ರಿ. ಕೇಳಿದ್ರ ಎದಿ ಒಡಕೋತಾರ." ನಾವೆಲ್ಲ ಒಪ್ಪಿದೆವು. ಹೊಟ್ಟೆಯ ಮೇಲ್ಭಾಗದಲ್ಲಿ ಹುಣ್ಣಾಗಿದೆ, ಮೊದಲು ಸಲಾಯಿನ್, ಆಮೇಲೆ ದುರ್ಬೀನಿನ ಸಣ್ಣ ಆಪರೇಷನ್ ಎಂದು ಹೇಳುವುದೆಂದು ಗೊತ್ತಾಯಿತು. ನಿರ್ಧರಿಸಿದವರು ಮನೆಯವರೆಲ್ಲ, ಅದನ್ನು ನಡೆಸಿದ ನಾಲಗೆ ಮಾತ್ರ ನಮ್ಮದು. ಭಾವನವರಿಗೆ ಬರುತ್ತಿದ್ದದ್ದು ಸಂತೆಯ ಹಿಂದಿ. ವೈದ್ಯರಿಗೆ ಕನ್ನಡ ಬಾರದು. ನಡುವೆ ದುಭಾಷಿಯಾಗಿ ನಿಂತವರು ನಾವು.

ಇಲ್ಲಿ ಈ ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ಸ್ವಲ್ಪ ತಿಳಿಸಬೇಕು. ಇಲ್ಲವಾದರೆ ನಮ್ಮ ತಪ್ಪಿನ ಅಳತೆ ವಾಚಕರಿಗೆ ಸಿಕ್ಕದು. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದು ಎದೆಯಲ್ಲಿ ಶ್ವಾಸನಾಳದ ಹಾಗೂ ಹೃದಯದ ಹಿಂದೆ, ಎರಡು ಶ್ವಾಸಕೋಶಗಳ ನಡುವೆ ಇಳಿದು ಹೊಟ್ಟೆಗೆ ಸೇರುತ್ತದೆ. ಅದನ್ನು ತೆಗೆಯಬೇಕಾದರೆ ಉಸಿರಿನ ಮನೆಯೊಳಗೇ ಹಾದುಹೋಗಬೇಕು. ಎದೆಯನ್ನು ತೆರೆದೊಡನೆ ಶ್ವಾಸಕೋಶ ಗಾಳಿ ಬಿಟ್ಟ ಬಲೂನಿನಂತೆ ಕುಗ್ಗುವುದರಿಂದ ಬಹುಕಾಲ ವೈದ್ಯರು ಈ ಸಾಹಸಕ್ಕೆ ಹಿಂಜರಿದರು. 1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೋರೆಕ್ ಎಂಬ ವೈದ್ಯರು ಎದೆಯೊಳಗಿನ ಅನ್ನನಾಳವನ್ನು ತೆಗೆದು ಯಶಸ್ವಿಯಾದರು. ಅವರ ರೋಗಿಯಾದ ವೃದ್ಧೆ ಕುತ್ತಿಗೆಯಿಂದ ಹೊಟ್ಟೆಗೆ ಹೊರಗಿನಿಂದಲೇ ಜೋಡಿಸಿದ ರಬ್ಬರ್ ನಳಿಗೆಯ ಮೂಲಕ ಆಹಾರ ಇಳಿಸಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು. ಈಗ ಹೊಟ್ಟೆಯನ್ನೇ ಕೊಳವೆಯಂತೆ ರೂಪಿಸಿ ಮೇಲಕ್ಕೆಳೆದು ಜೋಡಿಸುತ್ತಾರೆ.

ಎದೆಯನ್ನು ಅಗಲವಾಗಿ ತೆರೆಯದೆ, ಸಣ್ಣ ರಂಧ್ರಗಳಲ್ಲಿ ದುರ್ಬೀನನ್ನೂ ಉಪಕರಣಗಳನ್ನೂ ತೂರಿಸಿ ಈ ಕೆಲಸ ಮಾಡಬಹುದೆಂದು 1992ರಲ್ಲಿ ಸ್ಕಾಟ್ಲೆಂಡಿನ ಆಲ್ಫ್ರೆಡ್ ಕುಶಿಯೇರಿ ತೋರಿಸಿದರು. ನಮ್ಮ ದೇಶದ ಕೊಯಮತ್ತೂರಿನ ಡಾ. ಪಳನಿವೇಲು ಅವರ ತಂಡ, ರೋಗಿಯನ್ನು ಬೋರಲು ಮಲಗಿಸಿ ಹೀಗೆ ಮಾಡಿದ 130 ಶಸ್ತ್ರಚಿಕಿತ್ಸೆಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆಯಿತು. 2012ರಲ್ಲಿ ಯೂರೋಪಿನ ಮೂರು ದೇಶಗಳ ವೈದ್ಯರು ಎರಡು ವಿಧಾನಗಳನ್ನೂ ಹೋಲಿಸಿದ ಫಲಿತಾಂಶ ಹೊರಬಂತು. ಎದೆ ತೆರೆದು ಮಾಡಿದ 56 ಜನರಲ್ಲಿ 16 ಮಂದಿಗೆ ಮೊದಲ ಎರಡು ವಾರಗಳಲ್ಲಿ ಶ್ವಾಸಕೋಶದ ಸೋಂಕು ತಗುಲಿತ್ತು. ರಂಧ್ರದ ವಿಧಾನದ 59 ಜನರಲ್ಲಿ 5 ಮಂದಿಗೆ. ಇದು ದೊಡ್ಡ ಸುಧಾರಣೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಐದು ಎಂಬುದು ಸೊನ್ನೆಯಲ್ಲ. ಚರ್ಮದ ಮೇಲಿನ ಗಾಯ ಚಿಕ್ಕದಾಯಿತೇ ಹೊರತು ಒಳಗೆ ನಡೆಯುವ ಕೆಲಸ ಚಿಕ್ಕದಾಗಲಿಲ್ಲ.

ಆಪರೇಷನ್ನಿನ ಹೊತ್ತಿಗೆ ಒಂದು ಕಡೆಯ ಶ್ವಾಸಕೋಶ ಗಂಟೆಗಟ್ಟಲೆ ಪೂರ್ತಿಯಾಗಿಯೋ ಭಾಗಶಃವೋ ಕುಗ್ಗಿರುತ್ತದೆ. ಆಮೇಲೆ ಅದು ಮತ್ತೆ ಅರಳಬೇಕು. ನೋವಿಗೆ ಹೆದರಿ ರೋಗಿ ಮೇಲುಮೇಲೆ ಉಸಿರಾಡಿದರೆ ಅದರ ಕೆಳಭಾಗ ಮುಚ್ಚಿಕೊಂಡೇ ಇರುತ್ತದೆ. ಅಲ್ಲಿ ಕಫ ಕಟ್ಟುತ್ತದೆ, ಕಫದಲ್ಲಿ ಸೋಂಕು ಬೆಳೆಯುತ್ತದೆ. ಧ್ವನಿಪೆಟ್ಟಿಗೆಗೆ ಹೋಗುವ ನರ ಅನ್ನನಾಳದ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಕೆಮ್ಮಿಗೆ ಬಲವಿರುವುದಿಲ್ಲ, ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವ ಭಯವೂ ಇರುತ್ತದೆ. ಕೆಲವೊಮ್ಮೆ ಜೋಡಣೆಯೇ ಸೋರಿ ಎದೆಯಲ್ಲಿ ಕೀವಾಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಶ್ವಾಸನಾಳವನ್ನು ಗುಡಿಸಿ ಸ್ವಚ್ಛವಾಗಿಡುವ ಸೂಕ್ಷ್ಮ ರೋಮಗಳು ಮೊದಲೇ ಸೋತಿರುತ್ತವೆ. ಇವುಗಳಲ್ಲಿ ಕೆಲವು ವೈದ್ಯರ ಕೈಯಲ್ಲಿವೆ, ಕೆಲವು ದೈವದ ಕೈಯಲ್ಲಿವೆ. ಆದರೆ ಆಳವಾಗಿ ಉಸಿರೆಳೆಯುವುದು, ನೋವಾದರೂ ಕೆಮ್ಮುವುದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು, ವಾರಗಳ ಮುಂಚೆಯೇ ಬೀಡಿ ಬಿಡುವುದು, ಇವು ರೋಗಿಯೇ ಮಾಡಬೇಕಾದ ಕೆಲಸಗಳು. ಮಗನೂ ಮಾಡಲಾರ, ಮೈದುನನೂ ಮಾಡಲಾರ.

ವೈದ್ಯರು ಇದನ್ನೆಲ್ಲ ನಮ್ಮ ಮುಂದೆ, ಭಾವನವರ ಮುಂದೆಯೇ, ಹತ್ತು ನಿಮಿಷ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ವಿವರಿಸಿದರು. ನಡುವೆ "ಇವರಿಗೆ ಹೇಳಿ" ಎಂದರು. ನಾವು ತಿರುಗಿ ಹೇಳಿದ ಕನ್ನಡ ಎರಡೇ ವಾಕ್ಯ: "ಸಣ್ಣ ತೂತಿನ ಆಪರೇಷನ್ ಅಂತ. ಬೀಡಿ ಕಡಿಮಿ ಮಾಡ್ರಿ ಅಂತಾರ." ಇದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಧರ್ಮರಾಯ ದ್ರೋಣರಿಗೆ ಅಶ್ವತ್ಥಾಮ ಸತ್ತನೆಂದು ಹೇಳಿದಾಗಲೂ ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜವೇ ಆಗಿತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರು ಭಾವನವರು; ಓದಿದವರು ನಾವು. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ತಪ್ಪು ಅವರದಲ್ಲ.

ಎರಡು ತಿಂಗಳು ಸಲಾಯಿನ್ನಿನಲ್ಲಿ ಔಷಧ ನಡೆಯಿತು. ಈ ಅವಧಿಯಲ್ಲಿ ಅಭ್ಯಾಸ ಮಾಡಲೆಂದು ಮೂರು ಚೆಂಡುಗಳ ಪ್ಲಾಸ್ಟಿಕ್ ಉಪಕರಣವೊಂದನ್ನು ಕೊಟ್ಟಿದ್ದರು. ಕೊಳವೆಯಲ್ಲಿ ಉಸಿರು ಎಳೆದರೆ ಚೆಂಡುಗಳು ಮೇಲೇರುತ್ತವೆ. ಹೊಟ್ಟೆಯ ಹುಣ್ಣಿಗೂ ಈ ಚೆಂಡಿಗೂ ಏನು ಸಂಬಂಧವೆಂದು ಭಾವನವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ; ಇದ್ದ ಉತ್ತರವನ್ನು ಹೇಳುವಂತಿರಲಿಲ್ಲ. ಅವರು ನಕ್ಕು ಅದನ್ನು ನಮ್ಮ ಚಿಕ್ಕ ಮಗನಿಗೆ ಆಟಿಗೆಯಾಗಿ ಕೊಟ್ಟುಬಿಟ್ಟರು. ಸಂಜೆ ಕಚೇರಿಯಿಂದ ಬರುವಾಗ ಕೆಳಗಿನಿಂದ ತಲೆಯೆತ್ತಿ ನೋಡಿದರೆ ನಮ್ಮ ಗ್ಯಾಲರಿಯ ಮೂಲೆಯಲ್ಲಿ ಬೀಡಿಯ ಕಿಡಿ ಕಾಣುತ್ತಿತ್ತು. ಒಂದು ದಿನವಲ್ಲ, ಹಲವು ದಿನ ಕಂಡೆವು. ಮೇಲೆ ಹೋಗಿ ಬೇಡವೆನ್ನಬೇಕಾದರೆ ಏಕೆ ಬೇಡವೆಂಬುದನ್ನೂ ಹೇಳಬೇಕಾಗುತ್ತಿತ್ತು. ಚಪ್ಪಲಿಯ ಸದ್ದು ಮಾಡುತ್ತ ಮೆಟ್ಟಿಲು ಹತ್ತಿದೆವು, ಅವರು ಬೀಡಿ ಎಸೆಯಲು ಸಮಯ ಸಿಗಲೆಂದು.

2019ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಚೆನ್ನಾಗಿಯೇ ಆಯಿತು. ಎಚ್ಚರವಾದ ಭಾವನವರು ಎದೆಯ ಪಕ್ಕದಲ್ಲಿ ನಳಿಗೆಗಳನ್ನೂ ಕುತ್ತಿಗೆಯಲ್ಲಿ ಹೊಲಿಗೆಯನ್ನೂ ಕಂಡು ಬೆಚ್ಚಿದರು. ಹೊಟ್ಟೆಯ ಹುಣ್ಣಿಗೆ ಕುತ್ತಿಗೆಯನ್ನೇಕೆ ಕೊಯ್ದರು? ಉಸಿರಿನ ವ್ಯಾಯಾಮ ಮಾಡಿಸಲು ಬಂದ ಹುಡುಗಿ "ಕೆಮ್ಮಿ ಕಾಕಾ, ಜೋರಾಗಿ ಕೆಮ್ಮಿ" ಎಂದು ಹಿಂದಿಯಲ್ಲಿ ಅಂಗಲಾಚುತ್ತಿದ್ದಳು. ಹೊಲಿಗೆ ಬಿಚ್ಚೀತೆಂದು ಹೆದರಿ ಅವರು ತುಟಿ ಬಿಗಿಹಿಡಿದು ಮಲಗಿದರು. ಮೂರನೆಯ ದಿನ ಜ್ವರ ಬಂತು. ಉಸಿರು ನಾಯಿಯ ತೇಕಿನಂತೆ ವೇಗವಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ಬೆಳ್ಳಗೆ ಕಂಡಿತು. ಆ ರಾತ್ರಿಯೇ ವೆಂಟಿಲೇಟರಿಗೆ ಹಾಕಿದರು. ಹನ್ನೊಂದು ದಿನ ಯಂತ್ರ ಅವರಿಗಾಗಿ ಉಸಿರಾಡಿತು. ಬಾಗಿಲಿನ ಗಾಜಿನಲ್ಲಿ ಅವರ ಎದೆ ಲೆಕ್ಕ ಹಾಕಿದಂತೆ ಏರಿ ಇಳಿಯುವುದನ್ನು ನೋಡುತ್ತ, ಮೊದಲು ಹೇಳಿದ ಆ ಬೆಂಚಿನ ಮೇಲೆ ನಾವು ಕುಳಿತದ್ದು ಆಗಲೇ.

ಬದುಕಿ ಹೊರಬಂದರು. ಒಡೆದ ದನಿಯಲ್ಲಿ, ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ, ಒಂದು ಮಧ್ಯಾಹ್ನ ಕೇಳಿದರು: "ತಮ್ಮಾ, ಕ್ಯಾನ್ಸರ್ ಅಲ್ಲೇನು?" ನಾವು ತಲೆಯಾಡಿಸಿದೆವು. ಅವರು ಎದೆ ಒಡೆದುಕೊಳ್ಳಲಿಲ್ಲ. ಬಹಳ ಹೊತ್ತು ಕಿಟಕಿಯ ಕಡೆ ನೋಡಿ, "ಮೊದಲ ಹೇಳಿದ್ರ ನಾ ಬೀಡಿ ಮುಟ್ತಿದ್ದಿಲ್ಲಲ್ಲೋ" ಎಂದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಾಗಿತ್ತು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ.

ಅವರು ಮೊದಲೇ ತಿಳಿದು ಬೀಡಿ ಬಿಟ್ಟಿದ್ದರೆ, ಚೆಂಡುಗಳನ್ನು ಎತ್ತುವುದನ್ನು ಕಲಿತಿದ್ದರೆ, ಈ ನ್ಯುಮೋನಿಯಾ ಬರುತ್ತಲೇ ಇರಲಿಲ್ಲವೆಂದು ನಾವು ಹೇಳಲಾರೆವು. ಎಲ್ಲವನ್ನೂ ತಿಳಿದು, ಎಲ್ಲವನ್ನೂ ಮಾಡಿದವರಿಗೂ ಅದು ಬರುತ್ತದೆ. ಆದರೆ ಪ್ರಶ್ನೆ ಇಷ್ಟೆ: ತಮ್ಮ ಪ್ರಾಣಕ್ಕಾಗಿ ತಾವೇ ಹೋರಾಡುವ ಅವಕಾಶವೊಂದು ಅವರಿಗೆ ಇತ್ತು. ಅದನ್ನು ಅವರ ಕೈಯಿಂದ ಕಸಿದುಕೊಂಡವರು ಯಾರು? ಅವರನ್ನು ಪ್ರೀತಿಸುವವರು.

ಎದುರು ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಅಕ್ಕನ ಮಾತು ದಡ್ಡತನದ್ದಲ್ಲ. ಕ್ಯಾನ್ಸರ್ ಎಂದೊಡನೆ ಹಾಸಿಗೆ ಹಿಡಿದು, ಅನ್ನ ಬಿಟ್ಟು, ರೋಗಕ್ಕಿಂತ ಮೊದಲೇ ಭಯದಿಂದ ಸೊರಗಿದವರನ್ನು ನಮ್ಮ ಹಳ್ಳಿಗಳು ಕಂಡಿವೆ. ನಮ್ಮಲ್ಲಿ ರೋಗ ಒಬ್ಬನದಲ್ಲ, ಮನೆಯದು. ಭಾರವನ್ನು ಹೊರಬಲ್ಲವರು ಹೊರುತ್ತಾರೆ, ಹೊರಲಾರದವರ ಹೆಗಲಿಗೆ ಹಾಕುವುದಿಲ್ಲ. ಅಪ್ರಿಯವಾದ ಸತ್ಯದ ವಿಷಯದಲ್ಲಿ ಹಿರಿಯರು ಎಚ್ಚರ ಹೇಳಿದ್ದೂ ಉಂಟು. ಇದೆಲ್ಲ ಸರಿ. ಆದರೆ ಹೊರೆಯನ್ನು ಹಂಚಿಕೊಳ್ಳಬಹುದು, ಉಸಿರನ್ನು ಹಂಚಿಕೊಳ್ಳಲಾಗದು. ಭಾವನವರ ಹೊರೆಯನ್ನು ನಾವು ಹೊತ್ತೆವೆಂದು ತಿಳಿದಿದ್ದೆವು. ಕಡೆಗೆ ನೋಡಿದರೆ ನೋವು ಅವರದು, ಜ್ವರ ಅವರದು, ವೆಂಟಿಲೇಟರಿನ ನಳಿಗೆ ಅವರ ಗಂಟಲಿನದು. ನಾವು ಹೊತ್ತದ್ದು ಗುಟ್ಟನ್ನು ಮಾತ್ರ. ಅಷ್ಟೇ ಅಲ್ಲ, ಅವರ ಎದುರು ಕುಳಿತು ಅಳುವ ಕಷ್ಟವನ್ನೂ ನಾವು ತಪ್ಪಿಸಿಕೊಂಡಿದ್ದೆವು. ಅದನ್ನು ಕರುಣೆಯೆಂದು ಕರೆದುಕೊಂಡಿದ್ದೆವು.

ತಿಳಿಸಿ ಹೇಳುವುದೇ ಒಂದು ಔಷಧವೆಂಬುದಕ್ಕೆ ಪ್ರಮಾಣವೂ ಇದೆ. ಹೊಟ್ಟೆಯ ಮೇಲ್ಭಾಗವನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿದ್ದ 441 ಜನರ ಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಲ್ಲಿ ನಡೆದ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದು ಕಿರುಹೊತ್ತಗೆ ಕೊಟ್ಟಿದ್ದರು. ಅರ್ಧದಷ್ಟು ಜನರ ಎದುರು ಮಾತ್ರ, ಆಪರೇಷನ್ನಿಗೆ ಮುಂಚೆ, ವ್ಯಾಯಾಮ ಚಿಕಿತ್ಸಕರು ಅರ್ಧ ಗಂಟೆ ಕುಳಿತು, ಎದೆಯಲ್ಲಿ ಏನಾಗಬಹುದು, ಎಚ್ಚರವಾದೊಡನೆ ಹೇಗೆ ಉಸಿರಾಡಬೇಕು, ಏಕೆ ಉಸಿರಾಡಬೇಕು ಎಂದು ವಿವರಿಸಿ ಕಲಿಸಿದರು. ಹೊತ್ತಗೆ ಮಾತ್ರ ಪಡೆದವರಲ್ಲಿ ನೂರಕ್ಕೆ 27 ಜನರಿಗೆ ಶ್ವಾಸಕೋಶದ ತೊಂದರೆಗಳಾದವು. ಮಾತೂ ಸಿಕ್ಕವರಲ್ಲಿ ನೂರಕ್ಕೆ 12 ಜನರಿಗೆ. ಅದು ಅನ್ನನಾಳದ ಆಪರೇಷನ್ನಿನ ಲೆಕ್ಕವಲ್ಲ, ನಿಜ. ಆದರೂ ಅರ್ಧ ಗಂಟೆಯ ಮಾತಿಗೆ ಇಷ್ಟು ಬೆಲೆಯಿದೆಯೆಂದರೆ, ಮೂರು ತಿಂಗಳ ಮೌನದ ಬೆಲೆ ಎಷ್ಟಿರಬಹುದು?

ಕಾನೂನಿನ ಮಾತೂ ಅದೇ ದಿಕ್ಕಿನದು. ಪ್ರಾಪ್ತವಯಸ್ಕ ರೋಗಿ ತಾನೇ ಒಪ್ಪಿಗೆ ಕೊಡಬಲ್ಲವನಾಗಿರುವಾಗ, ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ, ಅವನ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಾಲದೆಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಹಿ ಇದ್ದರೆ ಕಡತ ಪೂರ್ಣವಾಯಿತೆಂದು ನಂಬಿದ ಗುಮಾಸ್ತರಾದ ನಮಗೆ ಈ ಮಾತು ಚುಚ್ಚುತ್ತದೆ. ಭಾವನವರ ಸಹಿ ಕಾಗದದ ಮೇಲಿತ್ತು. ಅವರ ಒಪ್ಪಿಗೆ ಎಲ್ಲಿತ್ತು?

ಗೋವಿನ ಹಾಡನ್ನು ಅರಿಯದ ಕನ್ನಡಿಗರಿಲ್ಲ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳೆಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಆದರೆ ಆ ಕತೆಯಲ್ಲಿ ಇನ್ನೊಂದು ಸತ್ಯವಿದೆ. ಅದು ನಮ್ಮ ಕಣ್ಣಿಗೆ ಬಿದ್ದದ್ದು ನಲವತ್ತು ದಾಟಿದ ಮೇಲೆ. ದೊಡ್ಡಿಗೆ ಹಿಂತಿರುಗಿದ ಪುಣ್ಯಕೋಟಿ ಕರುವಿಗೆ ಏನು ಹೇಳಬಹುದಾಗಿತ್ತು? ಮೇಯಲು ಹೋಗಿ ಸಂಜೆಗೆ ಬರುತ್ತೇನೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಹುಲಿಗೆ ಕೊಟ್ಟ ಭಾಷೆಗೆ ಅದರಿಂದ ಯಾವ ಭಂಗವೂ ಬರುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ. ಎಳೆಯ ಕರುವಿಗೆ, ತಾನು ಹುಲಿಯ ಬಳಿ ಹೋಗುತ್ತಿರುವುದನ್ನು ಹೇಳಿದಳು. ಅದರ ದುಃಖವನ್ನು ಎದುರಿಗೆ ನಿಂತು ಕೇಳಿದಳು. ಅಕ್ಕತಂಗಿಯರನ್ನು ಕರೆದು ಅದನ್ನು ಅವರಿಗೊಪ್ಪಿಸಿದಳು. ಹುಲಿಗೆ ಹೇಳಿದ ಸತ್ಯಕ್ಕಿಂತ ಕರುವಿಗೆ ಹೇಳಿದ ಸತ್ಯ ಕಷ್ಟದ್ದು. ಹೇಳಿ ಹಾಗೆಯೇ ಬಿಟ್ಟು ಹೋಗಲಿಲ್ಲವೆಂಬುದನ್ನೂ ಗಮನಿಸಬೇಕು. ಸತ್ಯ ಹೇಳುವವನ ಹೊಣೆ ಹೇಳಿದೊಡನೆ ಮುಗಿಯುವುದಿಲ್ಲ.

ಹಾಗೆಂದು ಎಲ್ಲವನ್ನೂ ಎಲ್ಲರ ಮುಖಕ್ಕೆ ಎಸೆಯಬೇಕೆಂದು ನಮ್ಮ ವಾದವಲ್ಲ. ಎಷ್ಟು ದಿನ ಉಳಿದಿವೆ ಎಂಬ ಲೆಕ್ಕವನ್ನು ತಿಳಿಯಲೊಲ್ಲದವರಿದ್ದಾರೆ. ಒಲ್ಲೆನೆನ್ನುವ ಹಕ್ಕೂ ಅವರದೇ. ಆದ್ದರಿಂದ ಮೊದಲು ಕೇಳಬೇಕಾದ್ದು, ನಿಮಗೆ ಎಷ್ಟು ತಿಳಿಯಬೇಕು ಎಂದು. ಆದರೆ ಮೈಯಲ್ಲಿ ಏನು ಮಾಡಲಿದ್ದಾರೆ, ಆಮೇಲೆ ಅವರೇ ಮಾಡಬೇಕಾದ ಕೆಲಸವೇನು, ಇವೆರಡನ್ನು ಮುಚ್ಚಿಡುವ ಅಧಿಕಾರ ಹೆಂಡತಿಗೂ ಇಲ್ಲ, ಮಗನಿಗೂ ಇಲ್ಲ, ದುಭಾಷಿಗಂತೂ ಇಲ್ಲವೇ ಇಲ್ಲ. ಇನ್ನೊಂದು ಎಚ್ಚರವೂ ಬೇಕು. ಎಲ್ಲ ಹೇಳಿದ ಮೇಲೆ ರೋಗಿ ಸೋತರೆ, "ನೀವು ಸರಿಯಾಗಿ ಕೆಮ್ಮಲಿಲ್ಲ" ಎಂದು ತಪ್ಪನ್ನು ಅವರ ತಲೆಗೆ ಕಟ್ಟಬಾರದು. ಅದು ಮುಚ್ಚಿಟ್ಟದ್ದಕ್ಕಿಂತ ಕ್ರೂರವಾದೀತು.

ಭಾವನವರು ಊರಿಗೆ ಮರಳಿ ಎರಡೂವರೆ ವರ್ಷ ತೋಟ ನೋಡಿಕೊಂಡರು. 2021ರ ನವೆಂಬರಿನಲ್ಲಿ ರೋಗ ಬೇರೆ ಕಡೆ ತಲೆ ಎತ್ತಿತು. ಮತ್ತೆ ಅದೇ ಆಸ್ಪತ್ರೆ, ಅದೇ ಕುರ್ಚಿ. ಈ ಸಲ ವೈದ್ಯರ ಒಂದೊಂದು ವಾಕ್ಯಕ್ಕೂ ಒಂದೊಂದು ವಾಕ್ಯ ಕನ್ನಡದಲ್ಲಿ ಹೇಳಿದೆವು. ಒಂದೆರಡು ಶಬ್ದಗಳಿಗೆ ಕನ್ನಡ ತಿಳಿಯದೆ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆವು. ನಮ್ಮ ದನಿ ನಡುಗುತ್ತಿತ್ತು. ಭಾವನವರ ಕೈ ನಮ್ಮ ತೊಡೆಯ ಮೇಲಿತ್ತು. ಎಲ್ಲ ಕೇಳಿ ಅವರು ಹೇಳಿದರು: "ಎಷ್ಟ ದಿನಾ ಅಂತ ಕೇಳಬ್ಯಾಡ. ಊರಿಗೆ ಹೋಗಬಹುದೇನ, ಅಷ್ಟ ಕೇಳು." ಅಷ್ಟನ್ನೇ ಕೇಳಿದೆವು. ಊರಿಗೆ ಹೋದರು. ಹೊಲದ ಪಾಲನ್ನು ಮಕ್ಕಳ ಹೆಸರಿಗೆ ಮಾಡಿದರು, ಅಕ್ಕನ ಹೆಸರಿಗೆ ತೋಟ ಬರೆಸಿದರು. 2022ರ ಬೇಸಿಗೆಯಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲಿ, ಅಕ್ಕನ ಎದುರಿಗೇ ತೀರಿಕೊಂಡರು. ಆ ಆರು ತಿಂಗಳು ಗಂಡಹೆಂಡಿರ ನಡುವೆ ಮುಚ್ಚುಮರೆ ಇರಲಿಲ್ಲವೆಂದು ಅಕ್ಕ ಈಗಲೂ ನೆನೆಯುತ್ತಾಳೆ.

ಪರೇಲಿನಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದಂದಿನಿಂದ ಈ ಊರು ದೇಶದ ಕ್ಯಾನ್ಸರ್ ರೋಗಿಗಳ ಕಡೆಯ ಆಸೆಯಾಗಿದೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಗೆ ಹೋಗಿ ನಿಂತರೆ ನಾನಾ ಭಾಷೆಗಳು ಕಿವಿಗೆ ಬೀಳುತ್ತವೆ. ಕರ್ನಾಟಕದಿಂದ ಬಂದ ರೋಗಿಯೊಬ್ಬರ ಜೊತೆ ಆಸ್ಪತ್ರೆಗೆ ಹೋಗಿ ಬರುವ ಕೆಲಸ ಮುಂಬಯಿಯ ಕನ್ನಡಿಗರಾದ ನಮ್ಮಲ್ಲಿ ಬಹುಮಂದಿಗೆ ಒಮ್ಮೆಯಾದರೂ ಬಂದಿರುತ್ತದೆ, ಮುಂದೆಯೂ ಬರುತ್ತದೆ. ಕೇಸ್‌ಪೇಪರ್ ಮಾಡಿಸುತ್ತೇವೆ, ಸಾಲಿನಲ್ಲಿ ನಿಲ್ಲುತ್ತೇವೆ, ರಜೆ ಹಾಕುತ್ತೇವೆ. ಇಷ್ಟೆಲ್ಲ ಮಾಡುವ ನಾವು ಇನ್ನೊಂದನ್ನೂ ಮಾಡಬೇಕು. ವೈದ್ಯರು ಹತ್ತು ವಾಕ್ಯ ಹೇಳಿದರೆ ಹತ್ತನ್ನೂ ಕನ್ನಡದಲ್ಲಿ ಹೇಳಬೇಕು. ಮನೆಯವರು ಕಣ್ಸನ್ನೆ ಮಾಡಿದರೆ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಮಾತಾಡಬೇಕು, ಅವರ ಅಳುವನ್ನೂ ಕೇಳಬೇಕು. ಆಮೇಲೆ ಒಳಗೆ ಬಂದು, ರೋಗಿಯ ಪಕ್ಕದಲ್ಲಿ ಕುಳಿತು, ಮೂರು ಚೆಂಡುಗಳ ಆ ಉಪಕರಣವನ್ನು ಅವರ ಕೈಯಲ್ಲಿಟ್ಟು, ಅದು ಯಾವುದಕ್ಕೆಂದು ಹೇಳಬೇಕು.